ಜಿಮ್ ಲವೆಲ್ ನೆನಪಿಗೊಂದು ಪುಟ್ಟ ರಾಕೆಟ್: ಹಾರಿಸುವುದು ಹೇಗೆ, ಜೋಪಾನವಾಗಿ ಇಳಿಸುವುದು ಹೇಗೆ

ಗಗನಯಾತ್ರಿ ಜಿಮ್ ಲವೆಲ್ 2025ರ ಆಗಸ್ಟ್ 7ರಂದು ತೀರಿಕೊಂಡರು. ಆವತ್ತಿನಿಂದ ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ. "ಮಕ್ಕಳ ಜೊತೆ ಸೇರಿ ಅವರ ನೆನಪಿಗೆ ಒಂದು ಮಾಡೆಲ್ ರಾಕೆಟ್ ಹಾರಿಸಬೇಕು, ಎಲ್ಲಿಂದ ಶುರು ಮಾಡೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಟ್ಟಿದ್ದೇನೆ.

ಲವೆಲ್ ಯಾರು ಅಂತ ಮಕ್ಕಳು ಕೇಳಿದರೆ ಇಷ್ಟು ಹೇಳಿ. ನಾಲ್ಕು ಸಲ ಬಾಹ್ಯಾಕಾಶಕ್ಕೆ ಹೋದವರು. 1965ರಲ್ಲಿ ಜೆಮಿನಿ 7, 1966ರಲ್ಲಿ ಜೆಮಿನಿ 12, 1968ರ ಡಿಸೆಂಬರ್‌ನಲ್ಲಿ ಅಪೊಲೊ 8, 1970ರ ಏಪ್ರಿಲ್‌ನಲ್ಲಿ ಅಪೊಲೊ 13. ಎರಡು ಸಲ ಚಂದ್ರನ ಹತ್ತಿರ ಹೋದರೂ ಒಮ್ಮೆಯೂ ಅಲ್ಲಿ ಇಳಿಯಲಿಲ್ಲ. ಎರಡನೇ ಸಲ ಹೋಗುವ ದಾರಿಯಲ್ಲೇ ಆಮ್ಲಜನಕದ ಟ್ಯಾಂಕ್ ಸಿಡಿದು, ಮೂವರೂ ಜೀವ ಉಳಿಸಿಕೊಂಡು ಮನೆಗೆ ಬಂದದ್ದೇ ದೊಡ್ಡ ವಿಷಯವಾಯಿತು.

ಹುಡುಗನಾಗಿದ್ದಾಗ ಲವೆಲ್ ಕೂಡ ನಮ್ಮ ಹಾಗೇ ರಾಕೆಟ್ ಹುಚ್ಚಿನವರು. ಮಿಲ್ವಾಕಿಯಲ್ಲಿ ಹೈಸ್ಕೂಲ್ ಓದುವಾಗ ಗೆಳೆಯರ ಜೊತೆ ಕೈಯಾರೆ ಮದ್ದು ಕಲಸಿ ಒಂದು ರಾಕೆಟ್ ಮಾಡಿದ್ದರು. ಅದು ಸ್ವಲ್ಪ ಮೇಲಕ್ಕೆ ಹೋಗಿ ಗಾಳಿಯಲ್ಲೇ ಢಮ್ ಎಂದಿತು. ಹುಡುಗರ ಕೈ ಕಾಲು ಉಳಿದದ್ದು ಪುಣ್ಯ.

ಈ ಎರಡು ಕತೆಗಳಿಂದ ನಮಗೆ ಎರಡು ನಿಯಮ ಸಿಗುತ್ತವೆ. ಮೋಟಾರನ್ನು ಅಂಗಡಿಯಿಂದಲೇ ತರಬೇಕು. ಮತ್ತು ಹೋದ ರಾಕೆಟ್ ಒಡೆಯದೆ ವಾಪಸ್ ಬರಬೇಕು. ಎತ್ತರದ ಚಿಂತೆ ಬಿಡಿ. ಅಪೊಲೊ 13ರ ಕಮಾಂಡರ್ ಹೆಸರಲ್ಲಿ ಹಾರಿಸಿದ ರಾಕೆಟ್ ಮೂತಿ ಕೆಳಗೆ ಮಾಡಿಕೊಂಡು ನೆಲಕ್ಕೆ ಚುಚ್ಚಿಕೊಂಡರೆ ಚೆನ್ನಾಗಿರಲ್ಲ, ಅಲ್ವಾ?

ಏನೇನು ಬೇಕು

ಒಂದು ರಾಕೆಟ್ ಕಿಟ್, ಅದಕ್ಕೆ ಸರಿಹೊಂದುವ ಎರಡೋ ಮೂರೋ ಮೋಟಾರ್, ಲಾಂಚ್ ಪ್ಯಾಡ್ ಅಂದರೆ ರಾಕೆಟ್ ನಿಲ್ಲಿಸುವ ಪೀಠ, ದೂರದಿಂದ ಗುಂಡಿ ಒತ್ತಿ ಹೊತ್ತಿಸಲು ಬ್ಯಾಟರಿಯ ಕಂಟ್ರೋಲರ್. ಕ್ಲಬ್‌ನವರ ಜೊತೆ ಹಾರಿಸಿದರೆ ಪ್ಯಾಡ್, ಕಂಟ್ರೋಲರ್ ಎರಡೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಮನೆಯಿಂದ ಮರಕ್ಕೆ ಹಚ್ಚುವ ಅಂಟು, ನುಣ್ಣನೆಯ ಉಪ್ಪು ಕಾಗದ, ಮಾಸ್ಕಿಂಗ್ ಟೇಪ್, ಸ್ವಲ್ಪ ಟಾಲ್ಕಂ ಪೌಡರ್. ಜೋಡಿಸಲು ಎರಡು ಸಂಜೆ, ಬಣ್ಣ ಒಣಗಲು ಇನ್ನೆರಡು ದಿನ ಇಟ್ಟುಕೊಳ್ಳಿ. ಶುಕ್ರವಾರ ರಾತ್ರಿ ಶುರು ಮಾಡಿ ಶನಿವಾರ ಬೆಳಿಗ್ಗೆ ಹಾರಿಸುತ್ತೇನೆ ಅನ್ನುವವರ ರಾಕೆಟ್ಟಿನ ರೆಕ್ಕೆ ಮೈದಾನದಲ್ಲೇ ಕಿತ್ತು ಬರುತ್ತದೆ.

1. ಮೊದಲು ಮೈದಾನ, ಆಮೇಲೆ ರಾಕೆಟ್

ಎಲ್ಲರೂ ಮೊದಲು ಕಿಟ್ ಕೊಳ್ಳುತ್ತಾರೆ. ಆಮೇಲೆ ಹಾರಿಸಲು ಜಾಗ ಇಲ್ಲ ಎಂದು ಪೆಟ್ಟಿಗೆ ಗರಾಜಿನಲ್ಲಿ ಧೂಳು ಹಿಡಿಯುತ್ತದೆ. ನೀವು ಉಲ್ಟಾ ಮಾಡಿ.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಎರಡು ದೊಡ್ಡ ಸಂಘಗಳಿವೆ: ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಮತ್ತು ಟ್ರೈಪೊಲಿ ರಾಕೆಟ್ರಿ ಅಸೋಸಿಯೇಷನ್. ಮೊದಲಿನದು 1957ರಿಂದ ಇದೆ. ಹೊಸಬರಿಗೆ ಅದರ ಕ್ಲಬ್‌ಗಳೇ ಸರಿ. ಅವರ ಹತ್ತಿರ ಮೈದಾನ ಇರುತ್ತದೆ, ಜಮೀನಿನವರ ಒಪ್ಪಿಗೆ ಇರುತ್ತದೆ, ತಪ್ಪು ಮಾಡಿದರೆ ತಿದ್ದುವವರು ಇರುತ್ತಾರೆ. "ಒಬ್ಬ ಗಗನಯಾತ್ರಿಯ ನೆನಪಿಗೆ ಹಾರಿಸಬೇಕು" ಎಂದು ಮುಂಚೆಯೇ ಒಂದು ಸಾಲು ಬರೆದು ತಿಳಿಸಿ. ಸುಮ್ನೆ ಹೋಗಿ ನಿಲ್ಲುವುದಕ್ಕಿಂತ ಅದು ಒಳ್ಳೆಯದು.

ಸ್ವಂತ ಜಾಗದಲ್ಲೇ ಹಾರಿಸುವುದಾದರೆ ಅಳತೆ ನೋಡಿಕೊಳ್ಳಿ. ಮೋಟಾರಿನ ಶಕ್ತಿಯನ್ನು ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಹೇಳುತ್ತಾರೆ, ವಿವರ ಮೂರನೇ ಹಂತದಲ್ಲಿದೆ. ಸುರಕ್ಷತಾ ನಿಯಮದ ಪ್ರಕಾರ ಬಿ ಮೋಟಾರಿಗೆ ಮೈದಾನದ ಚಿಕ್ಕ ಬದಿ 200 ಅಡಿ, ಸಿ ಮೋಟಾರಿಗೆ 400 ಅಡಿ, ಡಿ ಮೋಟಾರಿಗೆ 500 ಅಡಿ ಇರಬೇಕು. ಶಾಲೆಯ ಫುಟ್‌ಬಾಲ್ ಮೈದಾನ ನೋಡಲು ದೊಡ್ಡದು. ಆದರೆ ಅದರ ಅಗಲ 160 ಅಡಿ ಅಷ್ಟೇ. ಜಾಗದ ಮಾಲೀಕರ ಒಪ್ಪಿಗೆಯನ್ನೂ ಊರಿನ ಅಗ್ನಿಶಾಮಕ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ. ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಎಷ್ಟು ವಯಸ್ಸಾದವರಿಗೆ ಯಾವ ಮೋಟಾರ್ ಮಾರಬಹುದು ಎನ್ನುವುದೂ ಅಷ್ಟೇ.

ಇನ್ನು ದಿನ. ಲವೆಲ್ ಹುಟ್ಟಿದ್ದು ಮಾರ್ಚ್ 25. ಅಪೊಲೊ 8 ಹೊರಟದ್ದು ಡಿಸೆಂಬರ್ 21. ಆದರೆ ಮಿಡ್‌ವೆಸ್ಟ್, ಅಂದರೆ ಅಮೆರಿಕದ ಉತ್ತರ ಮಧ್ಯಭಾಗದ ಚಳಿಯಲ್ಲಿ ಬೆರಳೇ ಆಡುವುದಿಲ್ಲ, ಇನ್ನು ರಾಕೆಟ್ ಎಲ್ಲಿಂದ? ನನ್ನ ಆಯ್ಕೆ ಏಪ್ರಿಲ್ 17. ಅಪೊಲೊ 13 ಹೊರಟ ದಿನವಲ್ಲ ಅದು, 1970ರಲ್ಲಿ ಅವರು ಸಮುದ್ರಕ್ಕೆ ಇಳಿದ ದಿನ. ಬಿತ್ತನೆಗೆ ಮುಂಚೆ ಹೊಲಗಳು ಖಾಲಿ ಇರುವ ಕಾಲವೂ ಹೌದು. ಮೇ ದಾಟಿತೆಂದರೆ ಎಷ್ಟೋ ಕ್ಲಬ್‌ಗಳ ಹೊಲದಲ್ಲಿ ಮೆಕ್ಕೆಜೋಳ ಎದ್ದು ನಿಂತಿರುತ್ತದೆ. ಅವರು ನೀರಿಗಿಳಿದದ್ದು ಹ್ಯೂಸ್ಟನ್ ಸಮಯ ಮಧ್ಯಾಹ್ನ 12 ಗಂಟೆ 7 ನಿಮಿಷಕ್ಕೆ. ಅದೇ ನಿಮಿಷಕ್ಕೆ ಹಾರಿಸುತ್ತೇನೆ ಎಂದು ಹಟ ಹಿಡಿಯಬೇಡಿ. ಏಪ್ರಿಲ್ ಮಧ್ಯಾಹ್ನ ಗಾಳಿ ಜಾಸ್ತಿ. ಬೆಳಿಗ್ಗೆ ಹತ್ತರೊಳಗೆ ಮುಗಿಸುವುದು ವಾಸಿ.

2. ಯಾವ ರಾಕೆಟ್?

ಲವೆಲ್ ಅಂದ ಕೂಡಲೇ ಎಲ್ಲರ ಕೈಯೂ ಸ್ಯಾಟರ್ನ್ 5ರ ಕಿಟ್ ಮೇಲೆ ಹೋಗುತ್ತದೆ. ಅಪೊಲೊ 8, 13 ಎರಡೂ ಹೋದದ್ದು ಅದರಲ್ಲೇ. ನಿಜವಾದದ್ದು 363 ಅಡಿ ಎತ್ತರ. ನೂರರಲ್ಲಿ ಒಂದು ಪಾಲಿನ ಮಾಡೆಲ್ ಒಂದು ಮೀಟರಿಗಿಂತ ತುಸು ಉದ್ದ ಬರುತ್ತದೆ, ಇನ್ನೂರರಲ್ಲಿ ಒಂದು ಪಾಲಿನದು 55 ಸೆಂಟಿಮೀಟರ್. ನೋಡಲು ಚೆಂದ. ಆದರೆ ಮೊದಲ ರಾಕೆಟ್ಟಾಗಿ ಅದನ್ನು ತಗೋಬೇಡಿ. ಮೈಮೇಲೆ ಅಂಟಿಸುವ ಗೆರೆ ಗೆರೆಯ ಹಾಳೆಗಳು, ನಾಲ್ಕು ಪುಟ್ಟ ರೆಕ್ಕೆ, ಮೇಲೆ ಬೆಂಕಿಕಡ್ಡಿಯಂಥ ಗೋಪುರ. ಮಗು ಅರ್ಧಕ್ಕೇ ಎದ್ದು ಹೋಗುತ್ತದೆ, ಉಳಿದರ್ಧ ನಿಮ್ಮ ಪಾಲಿಗೆ.

ಜೆಮಿನಿ ಹೋದ ಟೈಟನ್ ರಾಕೆಟ್ಟಿನ ಕಷ್ಟವೇ ಬೇರೆ. ಅದಕ್ಕೆ ರೆಕ್ಕೆಗಳೇ ಇಲ್ಲ. ನಿಜವಾದ ರಾಕೆಟ್ ಎಂಜಿನ್ ಓರೆ ಮಾಡಿಕೊಂಡು ದಾರಿ ಸರಿಪಡಿಸಿಕೊಳ್ಳುತ್ತದೆ. ನಮ್ಮ ಮಾಡೆಲ್‌ಗೆ ಆ ಬುದ್ಧಿ ಇಲ್ಲ, ರೆಕ್ಕೆ ಬೇಕೇ ಬೇಕು. ಅದಕ್ಕೇ ಅಂಥ ಮಾಡೆಲ್‌ಗಳಿಗೆ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ರೆಕ್ಕೆ ಸಿಕ್ಕಿಸುತ್ತಾರೆ.

ಹೊಸಬರಿಗೆ ನನ್ನ ಸಲಹೆ: ಮೂರು ರೆಕ್ಕೆಯ, ಒಂದೇ ಹಂತದ, ಪ್ಯಾರಾಶೂಟ್ ಇರುವ ಸಾದಾ ಕಿಟ್. ಮೂರೇ ರೆಕ್ಕೆ ಯಾಕೆ ಅಂದರೆ, ಅಪೊಲೊ 8ರಲ್ಲಿ ಹೋದವರು ಮೂವರು. ಫ್ರಾಂಕ್ ಬೋರ್ಮನ್ 2023ರ ನವೆಂಬರ್ 7ರಂದು ಹೋದರು. ಬಿಲ್ ಆಂಡರ್ಸ್ 2024ರ ಜೂನ್ 7ರಂದು. ಆಮೇಲೆ ಲವೆಲ್. ಚಂದ್ರನನ್ನು ಮೊದಲು ಸುತ್ತಿ ಬಂದ ಮೂವರೂ ಈಗಿಲ್ಲ. ರೆಕ್ಕೆಗೊಂದು ಹೆಸರು.

"2009ರಲ್ಲಿ ಯಾರೋ ದೊಡ್ಡ ಸ್ಯಾಟರ್ನ್ ಹಾರಿಸಿದ್ದರಂತಲ್ಲ?" ಎಂದು ಕೇಳುವವರೂ ಇದ್ದಾರೆ. ಹೌದು. ಸ್ಟೀವ್ ಈವ್ಸ್ ಎನ್ನುವವರು ಆ ವರ್ಷ ಏಪ್ರಿಲ್ 25ರಂದು ಮೇರಿಲ್ಯಾಂಡಿನ ಹೊಲದಲ್ಲಿ 36 ಅಡಿ ಎತ್ತರದ ಸ್ಯಾಟರ್ನ್ 5 ಹಾರಿಸಿ, 4,400 ಅಡಿಗೂ ಮೇಲೆ ಕಳಿಸಿ, ಪ್ಯಾರಾಶೂಟಿನಲ್ಲಿ ಇಳಿಸಿದರು. ತೂಕ 1,600 ಪೌಂಡ್‌ಗೂ ಜಾಸ್ತಿ. ಅದಕ್ಕೆ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಬೇಕು, ವಿಮಾನಯಾನ ಇಲಾಖೆಯ ಅನುಮತಿ ಬೇಕು. ನಾವು 1,500 ಗ್ರಾಂ ಒಳಗೆ, 125 ಗ್ರಾಂ ಇಂಧನದ ಒಳಗೆ ಇರೋಣ. ಅಷ್ಟರೊಳಗಿನ ರಾಕೆಟ್ಟುಗಳಿಗೆ ಆ ಅನುಮತಿಯ ರಗಳೆ ಇಲ್ಲ. ವಿಮಾನಗಳಿಗೆ ಅಡ್ಡ ಬರಬಾರದು ಎನ್ನುವುದು ಮಾತ್ರ ಎಲ್ಲರಿಗೂ ಒಂದೇ.

3. ಮೋಟಾರಿನ ಮೇಲಿನ ಬರಹ

ಮೋಟಾರ್ ಎಂದರೆ ದಪ್ಪ ರಟ್ಟಿನ ಕೊಳವೆ, ಒಳಗೆ ಕಾರ್ಖಾನೆಯಲ್ಲೇ ಅದುಮಿ ತುಂಬಿದ ಮದ್ದು. ಒಂದು ಸಲಕ್ಕೆ ಒಂದು. ಮೇಲೆ ಸಿ6-5 ಎಂಬಂತೆ ಬರೆದಿರುತ್ತದೆ. ಇದನ್ನು ಓದಲು ಬಾರದೆ ರಾಕೆಟ್ ಕಳೆದುಕೊಂಡವರು ಬಹಳ ಜನ.

ಅಕ್ಷರ ಒಟ್ಟು ಶಕ್ತಿ ಎಷ್ಟು ಎಂದು ಹೇಳುತ್ತದೆ. ಎ, ಬಿ, ಸಿ, ಡಿ ಎಂದು ಒಂದೊಂದು ಅಕ್ಷರ ಮುಂದೆ ಹೋದಂತೆ ಮಿತಿ ಎರಡರಷ್ಟಾಗುತ್ತದೆ. ಮೊದಲ ಅಂಕಿ ಸರಾಸರಿ ತಳ್ಳುವ ಬಲ, ನ್ಯೂಟನ್ ಲೆಕ್ಕದಲ್ಲಿ. ಅಡ್ಡಗೆರೆ ಆದಮೇಲಿನ ಅಂಕಿಯೇ ನಮಗೆ ಮುಖ್ಯ. ಮದ್ದು ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ತಳ್ಳುವ ತನಕ ಎಷ್ಟು ಸೆಕೆಂಡ್ ಎಂದು ಅದು ತಿಳಿಸುತ್ತದೆ. ಸಿ6-5 ಆದರೆ 5 ಸೆಕೆಂಡ್. ಅಷ್ಟು ಹೊತ್ತು ರಾಕೆಟ್ ಹೊಗೆಯ ಗೆರೆ ಬಿಡುತ್ತಾ ತನ್ನ ವೇಗದಲ್ಲೇ ಮೇಲೇರುತ್ತಿರುತ್ತದೆ. ತುದಿ ಮುಟ್ಟಿ ನಿಧಾನವಾದಾಗ ಒಳಗೊಂದು ಸಣ್ಣ ಮದ್ದು ಸಿಡಿದು ಮೂತಿಯನ್ನು ಹೊರಕ್ಕೆ ನೂಕುತ್ತದೆ.

ಈ ಅಂಕಿ ದೊಡ್ಡದಾದರೆ ರಾಕೆಟ್ ಕೆಳಗೆ ರಭಸದಿಂದ ಬರುವಾಗ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ದಾರ ರಟ್ಟಿನ ಮೈಯನ್ನು ಉದ್ದಕ್ಕೆ ಸೀಳಿಬಿಡುತ್ತದೆ. ಹವ್ಯಾಸಿಗಳು ಇದನ್ನು ಜಿಪ್ಪರ್ ಅನ್ನುತ್ತಾರೆ. ಅಂಕಿ ಸೊನ್ನೆ ಇದ್ದರೆ ಅದು ಎರಡು ಹಂತದ ರಾಕೆಟ್ಟಿನ ಕೆಳಗಿನ ಹಂತಕ್ಕೆ. ಒಂಟಿ ರಾಕೆಟ್ಟಿಗೆ ಹಾಕಲೇಬಾರದು. ಕಿಟ್‌ನ ಪೆಟ್ಟಿಗೆಯ ಮೇಲೆ ಯಾವ್ಯಾವ ಮೋಟಾರ್ ಹಾಕಬಹುದು ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಮೊದಲ ಹಾರಾಟಕ್ಕೆ ತಗೊಳ್ಳಿ. "ಸ್ವಲ್ಪ ಜಾಸ್ತಿ ಪವರ್ ಇರಲಿ" ಎಂಬ ಅಂಗಡಿಯ ಮಾತಿಗೆ ಮರುಳಾಗಬೇಡಿ.

4. ಜೋಡಣೆ

ಕಿಟ್‌ನಲ್ಲಿ ಬಂದ ಹಾಳೆಯಲ್ಲಿ ಚಿತ್ರ ಸಮೇತ ಎಲ್ಲ ಇರುತ್ತದೆ. ಅದನ್ನೇ ಇಲ್ಲಿ ಮತ್ತೆ ಬರೆಯಲ್ಲ. ಹೊಸಬರು ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ರೆಕ್ಕೆಗಳು ಬಾಲ್ಸಾ ಎಂಬ ಹಗುರ ಮರದವು. ಮರದ ಎಳೆ ರೆಕ್ಕೆಯ ಮುಂದಿನ ಅಂಚಿಗೆ ಸಮವಾಗಿ ಹೋಗಬೇಕು. ಕಿಟ್‌ನಲ್ಲಿ ಹಾಗೇ ಕತ್ತರಿಸಿರುತ್ತಾರೆ. ನೀವೇ ಹೊಸ ರೆಕ್ಕೆ ಕತ್ತರಿಸಿದರೆ ನೋಡಿಕೊಳ್ಳಿ, ಅಡ್ಡ ಎಳೆಯದು ಹಪ್ಪಳದ ಹಾಗೆ ಮುರಿಯುತ್ತದೆ. ಅಂಟು ಮರಕ್ಕೆ ಹಚ್ಚುವ ಸಾದಾ ಅಂಟೇ ಆಗಬೇಕು. ತಕ್ಷಣ ಹಿಡಿಯುವ ಅಂಟು ಇಳಿಯುವಾಗಿನ ಪೆಟ್ಟಿಗೆ ಸೀಳುತ್ತದೆ. ರೆಕ್ಕೆಯ ಅಂಚಿಗೆ ತೆಳ್ಳಗೆ ಅಂಟು ಸವರಿ ಒಂದೆರಡು ನಿಮಿಷ ಬಿಡಿ, ಅದರ ಮೇಲೆ ಇನ್ನೊಂದು ಸಲ ಸವರಿ ಒತ್ತಿ ಹಿಡಿಯಿರಿ. ಒಣಗಿದ ಮೇಲೆ ಎರಡೂ ಬದಿಯ ಸಂದಿಗೆ ಬೆರಳಿನಿಂದ ಅಂಟಿನ ಒಂದು ಗೆರೆ ಎಳೆಯಿರಿ. ಇಷ್ಟಾದರೆ ರಟ್ಟು ಹರಿಯಬಹುದು, ಅಂಟು ಬಿಡುವುದಿಲ್ಲ.

ಮೋಟಾರ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂರಬೇಕು. ಕೊಕ್ಕೆ ಇರುವ ಕಿಟ್ ಆದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಮೋಟಾರಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಬಿಗಿ ಮಾಡಿ. ಸಡಿಲ ಇದ್ದರೆ ಒಳಗಿನ ಮದ್ದು ಸಿಡಿದಾಗ ಮೂತಿ ಹೊರಬರುವ ಬದಲು ಮೋಟಾರೇ ಹಿಂದಕ್ಕೆ ಹಾರಿ ಹೋಗುತ್ತದೆ, ಪ್ಯಾರಾಶೂಟ್ ಒಳಗೇ ಉಳಿಯುತ್ತದೆ. ಟೇಪು ಅಂದರೆ ಅಸಡ್ಡೆ ಬೇಡ. ಅಪೊಲೊ 13ರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಉಸಿರು ಕಟ್ಟುವ ಹಾಗಾದಾಗ ಗಾಳಿ ಶುದ್ಧ ಮಾಡುವ ಚೌಕದ ಡಬ್ಬಿಯನ್ನು ಲ್ಯಾಂಡರ್‌ನ ಕೊಳವೆಗೆ ಹೊಂದಿಸಿದ್ದು ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು ಇಟ್ಟುಕೊಂಡೇ.

5. ದಾರದ ಪರೀಕ್ಷೆ

ರಾಕೆಟ್ ನೆಟ್ಟಗೆ ಹಾರಬೇಕಾದರೆ ಅದರ ತೂಕದ ನಡುಬಿಂದು ಮುಂದಿರಬೇಕು, ಗಾಳಿ ಒತ್ತುವ ನಡುಬಿಂದು ಹಿಂದಿರಬೇಕು. ಎರಡರ ನಡುವೆ ಕನಿಷ್ಠ ರಾಕೆಟ್ಟಿನ ದಪ್ಪದಷ್ಟು ಅಂತರ ಇರಲಿ. ಕಂಪ್ಯೂಟರ್ ಇಲ್ಲದೆ ಪರೀಕ್ಷಿಸುವ ಹಳೆಯ ದಾರಿ ಹೀಗಿದೆ. ಮೋಟಾರ್, ಪ್ಯಾರಾಶೂಟ್ ಎಲ್ಲ ಒಳಗಿಟ್ಟು ರಾಕೆಟ್ ಸಮತೂಗುವ ಜಾಗಕ್ಕೆ ಆರೆಂಟು ಅಡಿಯ ದಾರ ಕಟ್ಟಿ. ದಾರ ಜಾರದಂತೆ ಟೇಪ್ ಹಾಕಿ ತಲೆಯ ಸುತ್ತ ಬೀಸಿ. ಮೂತಿ ಮುಂದಾಗಿ ತಿರುಗಿದರೆ ಪಾಸು. ಅಡ್ಡಾದಿಡ್ಡಿ ಹೊರಳಿದರೆ ಮೂತಿಯೊಳಗೆ ಸ್ವಲ್ಪ ಜೇಡಿ ತುಂಬಿ ಮತ್ತೆ ಬೀಸಿ. ಕಿಟ್ ಇದ್ದಂತೆ ಜೋಡಿಸಿದವರಿಗೆ ಇದು ಬೇಕಿಲ್ಲ. ಮೂತಿಯಲ್ಲಿ ನಾಣ್ಯ, ಫೋಟೊ, ಕ್ಯಾಮೆರಾ ಅಂತ ಏನಾದರೂ ಸೇರಿಸಿದವರು ಬಿಡಬಾರದು.

ಮೂತಿಯನ್ನು ಲೋಹದ್ದು ಮಾಡುವಂತಿಲ್ಲ. ಕಾಗದ, ಮರ, ರಬ್ಬರ್, ಪ್ಲಾಸ್ಟಿಕ್, ಇಷ್ಟೇ.

6. ಬಣ್ಣ ಮತ್ತು ಹೆಸರು

ಮೊದಲು ಬಿಳಿ, ಅದು ಪೂರಾ ಒಣಗಿದ ಮೇಲೆ ಟೇಪ್ ಅಂಟಿಸಿ ಕಪ್ಪು ಚೌಕಗಳು. ಸ್ಯಾಟರ್ನ್ 5ರ ಮೇಲಿನ ಕಪ್ಪು ಬಿಳಿ ಶೋಕಿಗೆ ಬಳಿದದ್ದಲ್ಲ. ಹಾರುವಾಗ ಎಷ್ಟು ಉರುಳುತ್ತಿದೆ ಎಂದು ಕೆಳಗಿನ ಕ್ಯಾಮೆರಾಗಳಿಗೆ ಕಾಣಲಿ ಎಂದು. ನಿಮ್ಮ ರಾಕೆಟ್ಟಿನಲ್ಲೂ ಅದು ಅಷ್ಟೇ ಕೆಲಸಕ್ಕೆ ಬರುತ್ತದೆ.

ಹೆಸರುಗಳನ್ನು ಕನ್ನಡದಲ್ಲೇ ಹಾಕಿ. ಯಾರು ಬೇಡ ಅಂತಾರೆ? ಆದರೆ ಕುಂಚ ಹಿಡಿಯಬೇಡಿ. ಬೋರ್ಮನ್, ಆಂಡರ್ಸ್ ಎರಡರಲ್ಲೂ ಅರ್ಕಾವತ್ತು ಇದೆ. ಎರಡು ಇಂಚಿನ ರೆಕ್ಕೆಯ ಮೇಲೆ ಕೈಯಲ್ಲಿ ಬರೆದರೆ ಒತ್ತೆಲ್ಲ ಮೆತ್ತಿಕೊಂಡು ಏನೂ ಓದಲಾಗುವುದಿಲ್ಲ. ಸ್ಟಿಕ್ಕರ್ ಹಾಳೆಯಲ್ಲಿ ಮುದ್ರಿಸಿ ಅಂಟಿಸಿ. ಅಪೊಲೊ 8ರ ಲಾಂಛನವನ್ನು ಮಕ್ಕಳಿಂದ ಬರೆಸಬಹುದು: ಭೂಮಿಯನ್ನೂ ಚಂದ್ರನನ್ನೂ ಸುತ್ತಿದ ಕೆಂಪು 8. ಅದರ ಮೊದಲ ಗೀಚು ಲವೆಲ್ ಅವರದ್ದೇ, ವಿಮಾನದ ಹಿಂದಿನ ಸೀಟಿನಲ್ಲಿ ಕೂತು ಬರೆದದ್ದು.

ಅಪೊಲೊ 13ರ ಮೂವರ ಹೆಸರು ಹಾಕುವವರು ಒಂದು ಎಚ್ಚರ ವಹಿಸಿ. ಜಾಕ್ ಸ್ವೈಗರ್ಟ್ 1982ರಲ್ಲೇ ತೀರಿಕೊಂಡರು. ಲವೆಲ್ ಹೋದಾಗ ಫ್ರೆಡ್ ಹೇಸ್ ಇನ್ನೂ ಇದ್ದರು. ಬದುಕಿರುವವರ ಹೆಸರಿನ ಕೆಳಗೆ "ನೆನಪಿಗೆ" ಎಂದು ಬರೆಯುವುದು ಒಳ್ಳೆಯದಲ್ಲ. ಮುದ್ರಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಈ ಹಂತದ ದೊಡ್ಡ ತಪ್ಪು ಯಾರಿಗೂ ಹೊಳೆಯುವುದೇ ಇಲ್ಲ. ಮೂತಿಯ ಕೆಳಗೆ ಕೊಳವೆಯೊಳಗೆ ಇಳಿಯುವ ಒಂದು ಕುತ್ತಿಗೆ ಇರುತ್ತದೆ. ಅದಕ್ಕೆ ಬಣ್ಣ ತಾಗಿದರೆ ಮೂತಿ ಬಿಗಿಯಾಗಿ ಮೇಲೆ ಹೊರಗೆ ಬರುವುದಿಲ್ಲ. ಬಣ್ಣ ಹೊಡೆಯುವ ಮುಂಚೆಯೇ ಕುತ್ತಿಗೆಗೆ ಟೇಪ್ ಸುತ್ತಿಬಿಡಿ. ಆಮೇಲೆ ಪರೀಕ್ಷೆ: ಮೂತಿ ಹಿಡಿದು ಎತ್ತಿದರೆ ಇಡೀ ರಾಕೆಟ್ ಮೇಲೆ ಬರಬೇಕು, ಮೆಲ್ಲಗೆ ಅಲ್ಲಾಡಿಸಿದರೆ ಕಳಚಿಕೊಳ್ಳಬೇಕು. ಬಿಗಿ ಇದ್ದರೆ ಉಪ್ಪು ಕಾಗದ, ಸಡಿಲ ಇದ್ದರೆ ಒಂದು ಸುತ್ತು ಟೇಪ್.

7. ಪ್ಯಾರಾಶೂಟ್

ಉಳಿದದ್ದೆಲ್ಲ ಅರೆಬರೆ ಓದಿದರೂ ಪರವಾಗಿಲ್ಲ, ಇದೊಂದನ್ನು ನಿಧಾನವಾಗಿ ಓದಿ.

ಅಪೊಲೊ ನೌಕೆ ಇಳಿದದ್ದು ಕಿತ್ತಳೆ ಬಿಳಿ ಪಟ್ಟಿಯ ಮೂರು ದೊಡ್ಡ ಪ್ಯಾರಾಶೂಟುಗಳಲ್ಲಿ, ಒಂದೊಂದೂ 80 ಅಡಿಗಿಂತ ಅಗಲ. ಅಪೊಲೊ 13 ವಾತಾವರಣಕ್ಕೆ ನುಗ್ಗಿದಾಗ ರೇಡಿಯೊ ಮೌನ ಅಂದುಕೊಂಡದ್ದಕ್ಕಿಂತ ಒಂದು ನಿಮಿಷಕ್ಕೂ ಜಾಸ್ತಿ ಎಳೆಯಿತು. ಆಮೇಲೆ ಆ ಮೂರು ಕೊಡೆಗಳು ಕಂಡವು. ನಿಮ್ಮ ಕಿಟ್‌ನಲ್ಲೂ ಕಿತ್ತಳೆ ಬಿಳಿ ಪ್ಲಾಸ್ಟಿಕ್ ಪ್ಯಾರಾಶೂಟ್ ಬಂದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಬೇರೆ ಬಣ್ಣದ್ದು ಇದ್ದರೆ ಬದಲಾಯಿಸಿ. ಉತ್ತ ಹೊಲದಲ್ಲಿ ಕಿತ್ತಳೆ ದೂರದಿಂದಲೇ ಕಾಣುತ್ತದೆ.

ಮೊದಲು ವ್ಯಾಡಿಂಗ್, ಅಂದರೆ ಬೆಂಕಿ ಹಿಡಿಯದಂತೆ ಮಾಡಿದ ತೆಳು ಕಾಗದ. ಮೂರು ನಾಲ್ಕು ಹಾಳೆಯನ್ನು ಒಂದೊಂದಾಗಿ ಸಡಿಲವಾಗಿ ಮುದುರಿ ಕೊಳವೆಯೊಳಗೆ ಬಿಡಿ. ಕೆಳಗಿನ ಮದ್ದಿನ ಬಿಸಿ ಪ್ಯಾರಾಶೂಟಿಗೆ ತಾಗದಂತೆ ತಡೆಯುವುದು ಇದೇ. ಮನೆಯಲ್ಲಿ ಇದೆಯಲ್ಲ ಎಂದು ಟಾಯ್ಲೆಟ್ ಪೇಪರ್, ಟಿಶ್ಯೂ ತುರುಕಬೇಡಿ. ಅದು ಉರಿಯುತ್ತಾ ಒಣ ಹುಲ್ಲಿನ ಮೇಲೆ ಬಿದ್ದರೆ ನೆನಪಿನ ಕಾರ್ಯಕ್ರಮಕ್ಕೆ ಅಗ್ನಿಶಾಮಕದವರೂ ಬರುತ್ತಾರೆ.

ಈಗ ಮಡಿಸುವುದು. ಪ್ಯಾರಾಶೂಟನ್ನು ಮೇಜಿನ ಮೇಲೆ ಹರಡಿ ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ. ನಡುವಿನ ತುದಿ ಒಂದು ಕೈಯಲ್ಲಿ, ದಾರಗಳೆಲ್ಲ ಇನ್ನೊಂದು ಕೈಯಲ್ಲಿ. ಸೀರೆ ನೆರಿಗೆ ಹಿಡಿದ ಹಾಗೆ ಪದರ ಪದರ ಸೇರಿಸಿ ಉದ್ದನೆಯ ಮೊನೆ ಮಾಡಿ. ಅದನ್ನು ಮೂರು ಪಾಲಾಗಿ ಮಡಿಸಿ. ದಾರವನ್ನು ಮೇಲೆ ಎರಡೇ ಸುತ್ತು, ಅದೂ ಸಡಿಲವಾಗಿ. ಕೊಳವೆಯೊಳಗೆ ಬಿಟ್ಟಾಗ ಅದು ತಾನಾಗಿ ಜಾರಿ ಇಳಿಯಬೇಕು. ಬೆರಳಿನಿಂದ ಒತ್ತಿ ತುರುಕಬೇಕಾಗಿ ಬಂದರೆ ಮಡಿಕೆ ದಪ್ಪವಾಗಿದೆ ಎಂದರ್ಥ. ಬಿಚ್ಚಿ ಮತ್ತೆ ಮಡಿಸಿ.

ಮಡಿಸುವುದು ಹಾರಿಸುವ ಅರ್ಧ ಗಂಟೆ ಮುಂಚೆ ಮಾತ್ರ. ನಾನು ಒಂದು ವರ್ಷ ಹಿಂದಿನ ರಾತ್ರಿಯೇ ಮಡಿಸಿ ಕಾರಿನಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ಹಿಮ ಬೀಳುವಷ್ಟು ಚಳಿ. ಮೇಲೆ ಪಟ್ ಎಂದು ಮೂತಿ ಕಳಚಿತು, ಪ್ಯಾರಾಶೂಟೂ ಹೊರಬಂತು. ಆದರೆ ಪ್ಲಾಸ್ಟಿಕ್ ಮಡಿಸಿದ ಆಕಾರದಲ್ಲೇ ಸೆಟೆದುಕೊಂಡು ಕೋಡುಬಳೆಯ ಹಾಗೆ ಇಳಿಯಿತು. ಎರಡು ರೆಕ್ಕೆ ಹೋದವು.

ಗಾಳಿಯ ಲೆಕ್ಕವನ್ನೂ ಹಾಕಿ. 600 ಅಡಿ ಎತ್ತರದಿಂದ ಸೆಕೆಂಡಿಗೆ 15 ಅಡಿಯಂತೆ ಇಳಿದರೆ 40 ಸೆಕೆಂಡ್. ಗಂಟೆಗೆ 10 ಮೈಲಿ ಗಾಳಿ ಇದ್ದರೆ ಅಷ್ಟರಲ್ಲಿ ರಾಕೆಟ್ ಸುಮಾರು 600 ಅಡಿ ಆಚೆ ತೇಲಿ ಹೋಗಿರುತ್ತದೆ. ಮೈದಾನ ಅಷ್ಟು ದೊಡ್ಡದಿಲ್ಲದಿದ್ದರೆ ಚಿಕ್ಕ ಮೋಟಾರ್ ಹಾಕಿ. ಅಥವಾ ಪ್ಯಾರಾಶೂಟಿನ ನಡುವೆ ಎರಡು ಇಂಚಿನ ತೂತು ಕತ್ತರಿಸಿ, ಬೇಗ ಇಳಿಯುತ್ತದೆ. ಗಾಳಿ ಗಂಟೆಗೆ 20 ಮೈಲಿ ದಾಟಿದರೆ ಹಾರಿಸುವ ಹಾಗೇ ಇಲ್ಲ.

8. ಹಾರಿಸುವ ದಿನ

ಕ್ಲಬ್‌ನಲ್ಲಿ ಮೊದಲು ಸುರಕ್ಷತೆ ನೋಡುವವರ ಮೇಜಿಗೆ ರಾಕೆಟ್ ಒಯ್ಯಬೇಕು. ಅವರು ರೆಕ್ಕೆ ಅಲ್ಲಾಡಿಸಿ, ಮೂತಿ ಎಳೆದು, ಮೋಟಾರ್ ನೋಡಿ ಹೂಂ ಅನ್ನುತ್ತಾರೆ. ಬೇಡ ಅಂದರೆ ವಾದ ಮಾಡಬೇಡಿ.

ನೆನಪಿನ ಮಾತು, ಮೌನ ಎಲ್ಲ ರಾಕೆಟ್ ಪ್ಯಾಡಿಗೆ ಹೋಗುವ ಮುಂಚೆ ಮುಗಿಯಲಿ. ಎರಡು ನಿಮಿಷ ಸಾಕು, ಉಳಿದವರೂ ಸಾಲಿನಲ್ಲಿ ಕಾಯುತ್ತಿರುತ್ತಾರೆ. ಹಾರುವಾಗ ಮೌನ ಆಚರಿಸೋಣ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಪ್ಯಾರಾಶೂಟ್ ಬಿಚ್ಚದೆ ರಾಕೆಟ್ ಜನರ ಕಡೆ ಬಂದರೆ ಆಗ ಜೋರಾಗಿ ಕೂಗಲೇಬೇಕು, "ಹೆಡ್ಸ್ ಅಪ್" ಎಂದು.

ಇನ್ನೊಂದು ನಮ್ಮವರಿಗೇ ಹೇಳಬೇಕಾದ ಮಾತು. ಇಸ್ರೋದವರು ಹಾರಿಸುವ ಮುಂಚೆ ರಾಕೆಟ್ಟಿನ ಪುಟ್ಟ ಪ್ರತಿಕೃತಿ ಹಿಡಿದು ತಿರುಪತಿಗೆ ಹೋಗುತ್ತಾರಲ್ಲ, ನಾವೂ ಪೂಜೆ ಮಾಡಬೇಕು ಅನ್ನಿಸುವುದು ಸಹಜ. ಕುಂಕುಮ ಇಡಿ, ಹೂ ಇಡಿ. ಆದರೆ ಊದುಬತ್ತಿ, ಕರ್ಪೂರ, ದೀಪ ಮೋಟಾರ್ ಇರುವ ಜಾಗದ ಹತ್ತಿರ ಸುಳಿಯಬಾರದು. ಆರತಿ ಮನೆಯಲ್ಲೇ, ಮೋಟಾರ್ ಹಾಕುವ ಮುಂಚೆ. ಹೂವನ್ನು ರಾಕೆಟ್ಟಿಗೆ ಕಟ್ಟಿಯೇ ಹಾರಿಸಬೇಡಿ. ಒಂದು ಎಸಳು ಸಾಲದು ಅನ್ನಿಸಿ ಹಾರ ಕಟ್ಟಿದರೆ ರಾಕೆಟ್ ಓರೆ ಹೋಗುತ್ತದೆ.

ಪ್ಯಾಡಿನ ಹತ್ತಿರ ಮಾಡಬೇಕಾದ್ದು: ಕಂಟ್ರೋಲರಿನ ಕೀಲಿ ನಿಮ್ಮ ಜೇಬಿನಲ್ಲಿ. ರಾಕೆಟ್ಟಿನ ಬದಿಯ ಪುಟ್ಟ ನಳಿಕೆಯನ್ನು ಉಕ್ಕಿನ ಕಡ್ಡಿಗೆ ಪೋಣಿಸಿ. ಕಡ್ಡಿಯ ತುದಿಗೆ ಕಣ್ಣು ತಾಗದಂತೆ ಟೋಪಿ ಹಾಕಿರಿ, ಹಾರಿಸುವಾಗ ತೆಗೆಯಿರಿ. ಸ್ಟಾರ್ಟರ್ ಎಂದರೆ ಮೋಟಾರ್ ಹೊತ್ತಿಸುವ ಸಣ್ಣ ತಂತಿ. ಅದರ ತುದಿ ಒಳಗಿನ ಮದ್ದಿಗೆ ತಾಗುವ ತನಕ ತಳ್ಳಿ ಪ್ಲಾಸ್ಟಿಕ್ ಬಿರಡೆ ಒತ್ತಿ. ಎರಡು ಕ್ಲಿಪ್ ಹಾಕಿ. ಅವು ಒಂದಕ್ಕೊಂದು ತಾಗಬಾರದು, ಪ್ಯಾಡಿನಲ್ಲಿ ಬೆಂಕಿ ತಡೆಯುವ ಕೆಳಗಿನ ತಗಡಿಗೂ ತಾಗಬಾರದು. ಕ್ಲಿಪ್ಪಿನ ಬಾಯಿ ಮಸಿ ಹಿಡಿದಿದ್ದರೆ ಉಪ್ಪು ಕಾಗದದಿಂದ ಉಜ್ಜಿ.

ಹಿಂದೆ ಸರಿಯಿರಿ. ಡಿ ಮೋಟಾರಿನ ತನಕ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ. ಆಕಾಶ ನೋಡಿ, ವಿಮಾನ ಇದ್ದರೆ ನಿಲ್ಲಿಸಿ. ಕೀಲಿ ಹಾಕಿ. ಐದರಿಂದ ಎಣಿಕೆ, ಎಲ್ಲರಿಗೂ ಕೇಳುವಂತೆ. ಐದು, ನಾಲ್ಕು, ಮೂರು, ಎರಡು, ಒಂದು ಎಂದು ಕನ್ನಡದಲ್ಲೇ ಎಣಿಸಬೇಕೆಂದಿದ್ದರೆ ಸುತ್ತಲಿನವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಪಾಪ, ಅವರು ಇನ್ನೂ ಮಾತಾಡುತ್ತಿರುವಾಗಲೇ ನಿಮ್ಮದು ಹಾರಿಹೋಗುತ್ತದೆ.

9. ಗುಂಡಿ ಒತ್ತಿದರೂ ಹಾರದಿದ್ದರೆ

ಓಡಬೇಡಿ. ಕೀಲಿ ತೆಗೆಯಿರಿ. 60 ಸೆಕೆಂಡ್ ಪೂರ್ತಿ ಕಾಯಿರಿ, ಗಡಿಯಾರ ನೋಡಿಯೇ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಸ್ಟಾರ್ಟರಿನದೇ: ತುದಿ ಮದ್ದಿಗೆ ತಾಗಿರುವುದಿಲ್ಲ, ಇಲ್ಲವೇ ಕ್ಲಿಪ್ ಜಾರಿರುತ್ತದೆ. ಹೊಸ ಸ್ಟಾರ್ಟರ್ ಹಾಕಿ ಮತ್ತೆ ಪ್ರಯತ್ನಿಸಿ. ಬ್ಯಾಟರಿ ಹಳೆಯದಾಗಿದ್ದರೂ ಹೀಗಾಗುತ್ತದೆ.

10. ಹುಡುಕಿ ತರುವುದು

ಒಬ್ಬರು ಕಣ್ಣು ತೆಗೆಯದೆ ಅದನ್ನೇ ನೋಡುತ್ತಿರಲಿ. ಬಿದ್ದ ಕಡೆಗೆ ಬೆರಳು ತೋರಿಸುತ್ತಾ ನಿಂತಲ್ಲೇ ನಿಲ್ಲಲಿ. ಇನ್ನೊಬ್ಬರು ಆ ಬೆರಳಿನ ನೇರಕ್ಕೆ ನಡೆಯಲಿ. ಎಲ್ಲರೂ ಒಟ್ಟಿಗೆ ಓಡಿದರೆ ಯಾರಿಗೂ ಸಿಗುವುದಿಲ್ಲ. ಕೆಳಗೆ ಬರುತ್ತಿರುವುದನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ. ವಿದ್ಯುತ್ ತಂತಿಗೆ ಸಿಕ್ಕಿಕೊಂಡರೆ ಅದು ಹೋಯಿತು ಅಂದುಕೊಳ್ಳಿ. ಕೋಲು, ಏಣಿ, ಕಲ್ಲು ಏನೂ ಬೇಡ. ಎತ್ತರದ ಮರಕ್ಕೂ ಇದೇ ಮಾತು.

ಕರ್ನಾಟಕದಿಂದ ಕೇಳುವವರಿಗೆ

"ಊರಿಗೆ ಬರುವಾಗ ಎರಡು ಮೋಟಾರ್ ತರ್ತೀರಾ ಅಣ್ಣಾ?" ಎಂದು ಕೇಳುತ್ತಾರೆ. ತರುವ ಹಾಗಿಲ್ಲ. ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಸೂಟ್‌ಕೇಸಿನಲ್ಲೂ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ದೀಪಾವಳಿ ರಾಕೆಟ್ ಬಿಚ್ಚಿ ಮದ್ದು ತೆಗೆದು ಕೊಳವೆಗೆ ತುಂಬುವುದು. ಅದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ, ಮಕ್ಕಳಿಗೂ ಮಾಡಲು ಬಿಡಬೇಡಿ.

ನಿಮಗೆ ನೀರಿನ ರಾಕೆಟ್ ಇದೆ. ಎರಡು ಲೀಟರಿನ ಸೋಡಾ ಬಾಟಲಿ (ಕುಡಿಯುವ ನೀರಿನ ತೆಳು ಬಾಟಲಿ ಒಡೆಯುತ್ತದೆ, ಅದು ಬೇಡ), ಮೂರರಲ್ಲೊಂದು ಪಾಲು ನೀರು, ಟೈರಿನ ವಾಲ್ವ್ ತೂರಿಸಿದ ಬಿಗಿ ಬಿರಡೆ, ಮೀಟರ್ ಇರುವ ಸೈಕಲ್ ಪಂಪು. ಗಾಳಿಯ ಒತ್ತಡ ಮೀಟರಿನಲ್ಲಿ 40 ಪಿಎಸ್‌ಐ ತೋರಿಸಿದರೆ ಸಾಕು. ಪಂಪಿನ ಪೈಪ್ ಉದ್ದ ಇರಲಿ, ಬಾಟಲಿಯ ಮೇಲೆ ಮುಖ ಬಗ್ಗಿಸಬೇಡಿ. ರಟ್ಟಿನ ಮೂರು ರೆಕ್ಕೆ ಅಂಟಿಸಿ, ಮೂರು ಹೆಸರು ಬರೆಯಿರಿ.

ಕಲ್ಪನಾ ಚಾವ್ಲಾ ನೆನಪಿಗೆ ಫೆಬ್ರವರಿ 1ರಂದು ಹಾರಿಸಬೇಕು ಅನ್ನುವವರಿಗೂ ಈ ಹಂತಗಳೇ ಸಾಕು. ಬಾಹ್ಯಾಕಾಶ ಷಟಲ್‌ನ ಮಾಡೆಲ್‌ಗೆ ಮಾತ್ರ ಕೈ ಹಾಕಬೇಡಿ. ಅದರ ಒಂದು ಪಕ್ಕದಲ್ಲಿ ವಿಮಾನ ಅಂಟಿಕೊಂಡಂತಿರುವುದರಿಂದ ತೂಕ, ಗಾಳಿ ಎರಡೂ ಓರೆ. ಪಳಗಿದವರಿಗೇ ಅದು ಕೈ ಕೊಡುತ್ತದೆ. ಮೂರು ರೆಕ್ಕೆಯ ಅದೇ ಸಾದಾ ರಾಕೆಟ್ ತಗೊಂಡು ಬಿಳಿ ಬಣ್ಣ ಹೊಡೆದು, ಮೈಮೇಲೆ ಕೊಲಂಬಿಯಾದ ಏಳೂ ಜನರ ಹೆಸರು ಅಂಟಿಸಿ.

ಮನೆಗೆ ಬಂದ ಮೇಲೆ ಖಾಲಿ ಮೋಟಾರನ್ನು ಕೂಡಲೇ ಕಸಕ್ಕೆ ಎಸೆಯಬೇಡಿ, ಒಳಗೆ ಬಿಸಿ ಉಳಿದಿರಬಹುದು. ರಾತ್ರಿ ಪೂರಾ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ರಟ್ಟು ಮೆತ್ತಗಾಗಿರುತ್ತದೆ, ಆಮೇಲೆ ಎಸೆಯಬಹುದು. ಪ್ಯಾರಾಶೂಟನ್ನು ಮಡಿಸಿಡದೆ ಬಿಚ್ಚಿ ಮೊಳೆಗೆ ತೂಗುಹಾಕಿ.